ಬಾಣಂತಿಯ ಮನಸ್ಸನ್ನೂ ಯಾರಾದರೂ ಕೇಳಲಿ: ಶಿವಮೊಗ್ಗ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ.
ಯೋಜನಾ ನಿರ್ದೇಶಕರು, ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ, ಬೆಂಗಳೂರು.

ವಿಷಯ: ಎಚ್‌ಐವಿ ಇರುವ ಬಾಣಂತಿಯರಲ್ಲಿ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡಿಸುವ ಬಗ್ಗೆ.

ಮಾನ್ಯರೇ,

ನಾನು ಈ ಜಿಲ್ಲೆಯ ಘಟ್ಟದ ಕಡೆಯ ತಾಲ್ಲೂಕುಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಆ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದನೆಯ ಹೆಸರು ಬಂದಿದೆ. ಕೆಲಸ ಮಾತ್ರ ಅದೇ: ಲಸಿಕೆ, ತಾಯಿ ಕಾರ್ಡು, ಗರ್ಭಿಣಿಯರ ಪಟ್ಟಿ, ಜಡಿಮಳೆಯಲ್ಲಿ ಹಳ್ಳ ದಾಟಿ ಹೋಗಿ ಬಾಣಂತಿಯನ್ನು ನೋಡಿ ಬರುವುದು. ನಾನು ನಿವೃತ್ತಳಾದರೂ ಕೆಲವು ತಾಯಂದಿರು ಫೋನ್ ಮಾಡುವುದು ಬಿಟ್ಟಿಲ್ಲ. ಅವರಲ್ಲಿ ಎಚ್‌ಐವಿ ಇರುವವರೇ ಹೆಚ್ಚು. ಅವರ ವಿಷಯ ಗೊತ್ತಿದ್ದೂ ಬಾಯಿ ಬಿಡದ ಇನ್ನೊಬ್ಬರು ಊರಲ್ಲಿ ಸಿಗುವುದು ಕಷ್ಟ.

ಈ ಪತ್ರದ ಕೆಳಗೆ ಸಹಿ ಹಾಕಬೇಕಾದವರು ಅವರು. ಹಾಕಲಾರರು. ಹಾಕಿದರೆ ಏನಾಗುತ್ತದೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಇಲ್ಲಿ ಬರುವ ಯಾರ ಹೆಸರೂ ಊರೂ ಹೇಳಿಲ್ಲ. ಗುರುತು ಹತ್ತುವಂಥ ಸಣ್ಣಪುಟ್ಟ ವಿವರಗಳನ್ನೂ ಕೈಬಿಟ್ಟಿದ್ದೇನೆ. ಸಭೆಗಳಲ್ಲಿ ಬಾಯಿಮಾತಿನಲ್ಲಿ ಹೇಳಿದ್ದೆಲ್ಲ ಬಾಯಿಮಾತಾಗಿಯೇ ಉಳಿದದ್ದರಿಂದ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಆಗಿರುವ ಒಳ್ಳೆಯದನ್ನು ಒಪ್ಪಿಕೊಳ್ಳುತ್ತೇನೆ. 2004ರಲ್ಲಿ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರುಮಾಡುವ ಮುಂಚಿನ ಸ್ಥಿತಿಯನ್ನು ಕಂಡವರಿಗೆ ಇವತ್ತಿನದು ಬೇರೆಯೇ ಲೋಕ. ಹೆರಿಗೆ ನೋವು ಬಂದಾಗ ಮಗುವಿಗೆ ಸೋಂಕು ದಾಟದಿರಲೆಂದು ತಾಯಿಗೆ ಒಂದು ನೆವಿರಪಿನ್ ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಗುಟುಕು ಸಿರಪ್, ಅಷ್ಟಕ್ಕೇ ಕೈಮುಗಿಯುತ್ತಿದ್ದ ಕಾಲವೂ ಇತ್ತು. 2014ರಿಂದ ಸೋಂಕಿರುವ ಪ್ರತಿ ಗರ್ಭಿಣಿಗೂ ರಕ್ತದಲ್ಲಿ ರೋಗ ತಡೆಯುವ ಸಿಡಿ4 ಕಣಗಳ ಎಣಿಕೆ ಎಷ್ಟೇ ಇರಲಿ, ಜೀವನಪೂರ್ತಿ ಚಿಕಿತ್ಸೆ ಸಿಗುತ್ತಿದೆ. ಈಗ ದಿನಕ್ಕೆ ಒಂದೇ ಮಾತ್ರೆ. ಏನೂ ಮಾಡದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ನೂರಕ್ಕೆ 15ರಿಂದ 45; ಸರಿಯಾಗಿ ಚಿಕಿತ್ಸೆ ನಡೆದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಇದು ಸಣ್ಣ ಸಾಧನೆಯಲ್ಲ. ಇದರಲ್ಲಿ ನನ್ನಂಥವರ ಬೆವರೂ ಇದೆ ಎಂಬ ಹೆಮ್ಮೆ ನನಗಿದೆ.

ನನ್ನ ದೂರು ಈ ಸಾಧನೆಯ ಒಳಗಡೆಯೇ ಇರುವ ಒಂದು ಕುರುಡು ಜಾಗದ ಬಗ್ಗೆ. ಮಗುವಿನ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತೇವೆ, ತಾಯಿಯ ಮಾತ್ರೆ ಎಣಿಸುತ್ತೇವೆ. ತಾಯಿ ಹೇಗಿದ್ದಾಳೆ ಎಂದು ಕೇಳುವ ಕೆಲಸವನ್ನು ಮಾತ್ರ ಯಾರಿಗೂ ವಹಿಸಿಲ್ಲ.

ಆಶಾ ಕಾರ್ಯಕರ್ತೆಯ ಫಾರಂ ಅನ್ನೇ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಕೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕು. ಮಗುವಿನ ತೂಕ, ಮೈಬಿಸಿ, ಹೊಕ್ಕಳು, ಕಣ್ಣು ಎಲ್ಲ ನೋಡುತ್ತಾಳೆ. ತಾಯಿಗೆ ಎಷ್ಟು ಹೊತ್ತು ಊಟ, ದಿನಕ್ಕೆ ಎಷ್ಟು ಪ್ಯಾಡು, ಜ್ವರ ಉಂಟೇ, ಕೆಟ್ಟ ವಾಸನೆಯ ಸ್ರಾವ ಉಂಟೇ, ಮೊಲೆತೊಟ್ಟು ಒಡೆದಿದೆಯೇ ಎಂದು ಕೇಳುತ್ತಾಳೆ. ಮನಸ್ಸಿನ ಹತ್ತಿರ ಸುಳಿಯುವ ಪ್ರಶ್ನೆ ಒಂದೇ ಒಂದು: ತಾಯಿ ಅಸಹಜವಾಗಿ ಮಾತಾಡುತ್ತಿದ್ದಾಳೆಯೇ, ಅಥವಾ ಫಿಟ್ಸ್ ಬಂದಿದೆಯೇ. ಬಾಣಂತಿ ಸನ್ನಿ ಏರಿದವಳನ್ನು ಹಿಡಿಯಲು ಈ ಪ್ರಶ್ನೆ ಸಾಕು. ಆದರೆ ಖಿನ್ನತೆ ಆವರಿಸಿದವಳು ಅಸಹಜವಾಗಿ ಮಾತಾಡುವುದಿಲ್ಲ, ಅವಳು ಮಾತೇ ಕಮ್ಮಿ ಮಾಡಿರುತ್ತಾಳೆ. ಅತ್ತೆ ಎದುರಿಗೇ ಕೂತಿರುತ್ತಾರೆ. "ಹುಷಾರಿದೀಯಾ?" ಅಂದರೆ "ಹ್ಞೂಂ, ಇದೀನಿ" ಅನ್ನುತ್ತಾಳೆ. ಆಶಾ "ಇಲ್ಲ" ಎಂದು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾಳೆ. ಅವಳನ್ನು ನಾನು ದೂರುವುದಿಲ್ಲ. ಫಾರಂ ಕೇಳದ್ದನ್ನು ಅವಳು ಎಲ್ಲಿ ಬರೆದಾಳು?

ಇನ್ನು ಎಆರ್‌ಟಿ ಕೇಂದ್ರದ ಕಡೆಗೆ ಬನ್ನಿ. ಅಲ್ಲಿ ಪ್ರತಿ ಭೇಟಿಯಲ್ಲೂ ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತದೆಯಾ ಎಂದು ನಾಲ್ಕು ಪ್ರಶ್ನೆ ಕೇಳುವ ಪದ್ಧತಿ ಇದೆ. ಕ್ಷಯ ಬೇಗ ಸಿಕ್ಕಿಬೀಳಲಿ ಎಂದು ಮಾಡಿದ ಏರ್ಪಾಡು, ಒಳ್ಳೆಯದೇ. ಎಷ್ಟೇ ರಶ್ ಇದ್ದರೂ ಆ ನಾಲ್ಕು ಪ್ರಶ್ನೆಗೆ ಸಮಯ ಸಿಗುತ್ತದೆ. ಹಾಗಾದರೆ ಹೆರಿಗೆಯಾಗಿ ತಿಂಗಳೊಪ್ಪತ್ತಾದವಳಿಗೆ ಇನ್ನೆರಡು ಪ್ರಶ್ನೆ ಕೇಳಲು ಸಮಯವಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ಈ ತಾಯಂದಿರ ಸಂಕಟ ಉಳಿದ ಬಾಣಂತಿಯರದ್ದಕ್ಕಿಂತ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೇಲಿಂದ ನೋಡುವವರಿಗೆ ಅದು ಕಾಣುವುದಿಲ್ಲ.

ಒಂದು ಸಂಸಾರದಲ್ಲಿ ಎಚ್‌ಐವಿ ಪರೀಕ್ಷೆ ಮೊದಲು ಆಗುವುದು ಬಹುತೇಕ ಗರ್ಭಿಣಿಗೆ. ಬಸುರಿಯ ರಕ್ತಪರೀಕ್ಷೆಗಳ ಜೊತೆ ಅದೂ ನಡೆಯುತ್ತದೆ. ಆಗಬೇಕಾದದ್ದೇ. ಆದರೆ ಮೊದಲು ಪರೀಕ್ಷೆಯಾದವಳಿಗೆ ಮೊದಲು ಗೊತ್ತಾಗುತ್ತದೆ, ಮೊದಲು ಗೊತ್ತಾದವಳೇ ತಂದವಳು ಎಂದು ಮನೆಯವರು ತೀರ್ಮಾನಿಸುತ್ತಾರೆ. ಗಂಡ ಪರೀಕ್ಷೆಗೆ ಬರುವುದೇ ಇಲ್ಲ, ಅಥವಾ ತಿಂಗಳುಗಟ್ಟಲೆ ಸತಾಯಿಸಿ ಬರುತ್ತಾನೆ. ಅಷ್ಟು ಹೊತ್ತಿಗೆ ಅವಳ ಮೇಲೆ ಬೀಳಬೇಕಾದ ಮಾತೆಲ್ಲ ಬಿದ್ದಾಗಿರುತ್ತದೆ. ಹೊಟ್ಟೆಯಲ್ಲಿ ಮಗು ಒದೆಯುವುದೂ, ಈ ಸುದ್ದಿಯೂ, ಈ ಮಾತುಗಳೂ ಒಂದೇ ಕಾಲಕ್ಕೆ. ಉಳಿದ ರೋಗಿಗಳಿಗೆ ಸುದ್ದಿ ಅರಗಿಸಿಕೊಳ್ಳಲು ಒಂದಿಷ್ಟು ಪುರುಸೊತ್ತಾದರೂ ಸಿಗುತ್ತದೆ. ಇವಳಿಗೆ ಅದೂ ಇಲ್ಲ, ಹೆರಿಗೆಯ ದಿನ ಎದುರಿಗೇ ನಿಂತಿರುತ್ತದೆ.

ಆಮೇಲೆ ಬಾಣಂತನ. ನಮ್ಮ ಕಡೆಯ ಬಾಣಂತಿ ಕೋಣೆ ತಮಗೆ ಗೊತ್ತಿರಬಹುದು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿರುತ್ತದೆ, ಮಂಚದ ಕೆಳಗೆ ಕೆಂಡ, ಬೆಳಿಗ್ಗೆ ಹಂಡೆಗಟ್ಟಲೆ ಬಿಸಿನೀರಿನ ಸ್ನಾನ, ತಲೆಗೆ ಬಟ್ಟೆ. ಹಗಲೂ ರಾತ್ರಿ ಯಾರಾದರೊಬ್ಬರು ಜೊತೆಗಿರುತ್ತಾರೆ: ಅಮ್ಮ, ಚಿಕ್ಕಮ್ಮ, ಸ್ನಾನ ಮಾಡಿಸುವ ಅಜ್ಜಿ. ಬೇರೆ ಹೆಂಗಸರಿಗೆ ಅದು ಆಸರೆ. ಗುಟ್ಟು ಕಾಯಬೇಕಾದವಳಿಗೆ ಅದೇ ಕಾವಲು. ದಿನಾ ಒಂದೇ ಹೊತ್ತಿಗೆ ನುಂಗಬೇಕಾದ ಮಾತ್ರೆಯನ್ನು ಆ ಕೋಣೆಯಲ್ಲಿ ಎಲ್ಲಿಡುವುದು?

ಒಬ್ಬಳು ನನಗೆ ತೋರಿಸಿದ್ದಳು. ಮೂವತ್ತು ಮಾತ್ರೆಯ ಬಿಳಿ ಪ್ಲಾಸ್ಟಿಕ್ ಬಾಟಲಿ ಅಲ್ಲಾಡಿದರೆ ಗಿಲಿಗಿಲಿ ಸದ್ದಾಗುತ್ತದೆ. ಅದಕ್ಕೇ ಮಾತ್ರೆಗಳ ನಡುವೆ ಹತ್ತಿ ತುರುಕಿ, ಲೇಬಲ್ ಕೆರೆದು ತೆಗೆದು, ಮಗುವಿನ ಬಟ್ಟೆಯ ಗಂಟಿನೊಳಗೆ ಇಟ್ಟಿದ್ದಳು. ಮಗುವಿಗೆ ಆರು ವಾರ ಕೊಡಬೇಕಾದ ನೆವಿರಪಿನ್ ಸಿರಪ್ಪನ್ನು ಮನೆಯಲ್ಲಿ "ವಿಟಮಿನ್ ಡ್ರಾಪ್ಸ್" ಎಂದು ಹೇಳಿದ್ದಳು. ಅವಳಮ್ಮ ಪಕ್ಕದ ಮನೆಯ ಮಗುವಿಗೂ ನಾಲ್ಕು ಹನಿ ಹಾಕಲು ಹೊರಟಾಗ ಇವಳಿಗೆ ಕೈಕಾಲು ತಣ್ಣಗಾಗಿತ್ತಂತೆ. "ಸುಳ್ಳು ಹೇಳೋದು ಕಷ್ಟ ಅಲ್ಲ ಸಿಸ್ಟರೇ, ಯಾರಿಗೆ ಯಾವ ಸುಳ್ಳು ಹೇಳಿದೀನಿ ಅಂತ ನೆನಪಿಟ್ಕೊಳ್ಳೋದು ಕಷ್ಟ" ಅಂದಳು. ನಿದ್ದೆಗೆಟ್ಟ ಬಾಣಂತಿ ಹಗಲಿರುಳು ಇಂಥ ಲೆಕ್ಕ ಇಟ್ಟುಕೊಂಡು ಕೂರಬೇಕು.

ಹಾಲಿನ ವಿಷಯವಂತೂ ನಮ್ಮ ಇಲಾಖೆಯೇ ಅರ್ಧ ಹೇಳಿ ಅರ್ಧ ಬಿಟ್ಟದ್ದು. ತಾಯಿ ಮಾತ್ರೆ ತಪ್ಪದೆ ನುಂಗುತ್ತಿದ್ದರೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಬಹುದು, ಕೊಡಬೇಕು. ಎದೆಹಾಲಿನ ಜೊತೆ ಬೇರೆ ಬೇರೆ ಕೊಟ್ಟು ಬೆರಕೆ ಮಾಡಿದರೇ ಅಪಾಯ ಹೆಚ್ಚು. ಇದನ್ನು ಆಪ್ತಸಮಾಲೋಚಕಿ ಹೇಳಿ ಕಳಿಸುತ್ತಾರೆ. ಮನೆಗೆ ಬಂದರೆ ಅಜ್ಜಿ ಜೇನುತುಪ್ಪ ನೆಕ್ಕಿಸಲು ಬರುತ್ತಾಳೆ, ಇನ್ನೊಬ್ಬರು ಬಜೆ ತೇಯ್ದು ತರುತ್ತಾರೆ. ಬೇಡ ಎನ್ನಲು ಇವಳ ಹತ್ತಿರ ಹೇಳಿಕೊಳ್ಳುವಂಥ ಕಾರಣವಿಲ್ಲ. ಅದರ ಮೇಲೆ ಮನಸ್ಸಿನೊಳಗಿನ ಮಾತು ಬೇರೆ. ಇನ್ನೊಬ್ಬ ತಾಯಿ ಹೇಳಿದ್ದು ಹೀಗೆ: "ನೀವು ಕೊಡು ಅಂತೀರಿ, ಕೊಡ್ತೀನಿ. ಮಗು ಬಾಯಿ ಹಾಕಿದ ಕೂಡ್ಲೇ ನಾನೇ ವಿಷ ಕುಡಿಸ್ತಿದೀನಿ ಅನ್ಸುತ್ತೆ. ಆಮೇಲೆ ಮಗೂನ ಮುಖ ನೋಡಾಕೆ ಆಗಲ್ಲ." ವಿಜ್ಞಾನ ಅವಳ ಪರವಾಗಿದೆ, ಅವಳಿಗೂ ಅದು ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಮನಸ್ಸು ಕೇಳಬೇಕಲ್ಲ.

ಆರನೇ ವಾರ ಮಗುವಿನ ಹಿಮ್ಮಡಿಗೆ ಚುಚ್ಚಿ, ಕಾರ್ಡಿನ ಮೇಲಿನ ವೃತ್ತಗಳಲ್ಲಿ ರಕ್ತದ ಹನಿ ತುಂಬಿಸಿ, ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮತ್ತೆ ಆರನೇ ತಿಂಗಳು, ಹನ್ನೆರಡನೇ ತಿಂಗಳು ಪರೀಕ್ಷೆ, ಕೊನೆಯ ತೀರ್ಮಾನ ಹದಿನೆಂಟನೇ ತಿಂಗಳಿಗೆ. ಅಂದರೆ ಒಂದೂವರೆ ವರ್ಷ ಅವಳು ಫಲಿತಾಂಶ ಕಾಯುತ್ತಲೇ ಇರುತ್ತಾಳೆ. ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಬಾರದಿದ್ದರೆ ಇನ್ನೂ ಹೆಚ್ಚು. ಮಗುವಿಗೆ ಹೆಸರಿಡುವುದನ್ನೇ ಮುಂದೆ ಹಾಕಿದವಳನ್ನು ನೋಡಿದ್ದೇನೆ. ಅವಳು ಮಗುವನ್ನು ಎತ್ತಿಕೊಳ್ಳುವುದನ್ನು ಕಡಿಮೆ ಮಾಡಿದ್ದಳು. ಮನೆಯವರು "ಸೋಮಾರಿ, ಮಗು ಮೇಲೆ ಅಕ್ಕರೆ ಇಲ್ಲ" ಎಂದು ಬೈಯುತ್ತಿದ್ದರು. ಫಲಿತಾಂಶ ನೆಗೆಟಿವ್ ಬಂತು. ಎಲ್ಲರಿಗೂ ಖುಷಿ. ಅವಳು ಮಾತ್ರ ಹಾಗೆಯೇ ಇದ್ದಳು: ಊಟ ಸೇರುತ್ತಿರಲಿಲ್ಲ, ಮಗು ಮಲಗಿದಾಗಲೂ ನಿದ್ದೆ ಬರುತ್ತಿರಲಿಲ್ಲ, ಬೆಳಗಾದರೆ ಯಾಕಾದರೂ ಬೆಳಗಾಯಿತೋ ಎನ್ನುತ್ತಿದ್ದಳು. ನಮ್ಮ ರಿಜಿಸ್ಟರಿನಲ್ಲಿ ಅವಳದು ಯಶಸ್ವಿ ಪ್ರಕರಣ.

ಆಸ್ಪತ್ರೆಯೊಂದರಲ್ಲಿ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಹೆರಿಗೆಯಾದವಳ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದು, ಅದನ್ನು ಮಂಚದ ಕಂಬಿಗೆ ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿದ್ದರು. ವಾರ್ಡಿನ ಕೊನೆಯ ಮಂಚ, ಪಕ್ಕದ ಮಂಚ ಖಾಲಿ. ಬಾಣಂತಿ ನೋಡಲು ಬಂದ ನಾದಿನಿ ಓದು ಬಲ್ಲವಳು. ಬೇರೆ ವಿವರಣೆ ಬೇಕಾಗಲಿಲ್ಲ. ಆ ಹೆಣ್ಣುಮಗಳು ತವರಿಗೆ ಹೋದವಳು ಇವತ್ತಿಗೂ ಗಂಡನ ಮನೆಗೆ ವಾಪಸಾಗಿಲ್ಲ. ಅದು ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಬೆರಳು ಮತ್ತೆ ಅವಳ ಕಡೆಗೇ ತಿರುಗುತ್ತದೆ. ಆದರೆ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲೇ ಆಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ಗಂಡನಿಗೆ ತಿಳಿಸಿದರೆ ಹೆಣ್ಣಿನ ಮೇಲೆ ಹಲ್ಲೆಯಾಗಬಹುದು, ಅವಳನ್ನು ಕೈಬಿಡಬಹುದು, ಅವಳ ಮಾನಸಿಕ ಆರೋಗ್ಯಕ್ಕೆ ಪೆಟ್ಟು ಬೀಳಬಹುದು ಎಂಬ ಅಂಜಿಕೆಗೆ ಆಧಾರವಿದ್ದರೆ ಅವನಿಗೂ ತಿಳಿಸಕೂಡದು ಎಂದು ಆ ಕಾಯ್ದೆ ಹೇಳುತ್ತದೆ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು ಎಂದೂ ಹೇಳುತ್ತದೆ. ಆ ಅಧಿಕಾರಿಯ ಹೆಸರು ಬರೆದ ಫಲಕವನ್ನು ನಾನು ಓಡಾಡಿದ ಯಾವ ಆಸ್ಪತ್ರೆಯ ಗೋಡೆಯಲ್ಲೂ ಕಂಡಿಲ್ಲ.

ಇದೆಲ್ಲ ನಾಲ್ಕೈದು ಹೆಂಗಸರ ಗೋಳು, ಮನಸ್ಸಿಗೆ ಹಚ್ಚಿಕೊಂಡು ಬರೆದಿದ್ದಾಳೆ ಎಂದು ತಮಗೆ ಅನ್ನಿಸಬಾರದು. ಅದಕ್ಕೆ ಎರಡು ಲೆಕ್ಕ ಕೊಡುತ್ತೇನೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರು ಬಾಣಂತಿಯರಲ್ಲಿ ಸುಮಾರು 22 ಜನರಿಗೆ ಖಿನ್ನತೆ. ಇದು ಎಲ್ಲ ಬಾಣಂತಿಯರ ಲೆಕ್ಕ. ಮೇಲೆ ಹೇಳಿದ ಯಾವ ಹೊರೆಯೂ ಇಲ್ಲದವರೇ ಇದರಲ್ಲಿ ಹೆಚ್ಚು. ಎರಡನೆಯದು ನೇರವಾಗಿ ಎಆರ್‌ಟಿಗೆ ಸಂಬಂಧಿಸಿದ್ದು. ಬೇರೆ ಬೇರೆ ದೇಶಗಳ 51 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬಸುರಿಯಾಗಿದ್ದಾಗ ಮಾತ್ರೆಯನ್ನು ಸಾಕಷ್ಟು ಸರಿಯಾಗಿ ನುಂಗುತ್ತಿದ್ದವರು ನೂರಕ್ಕೆ ಸುಮಾರು 76 ಜನ. ಹೆರಿಗೆಯ ನಂತರ ಅದು 53ಕ್ಕೆ ಕುಸಿದಿತ್ತು. ಹೊಟ್ಟೆಯಲ್ಲಿ ಮಗು ಇರುವಷ್ಟು ದಿನ ಮಗುವಿಗಾಗಿ ನುಂಗಿದವಳು, ಮಗು ಕೈಗೆ ಬಂದ ಮೇಲೆ ತನಗಾಗಿ ನುಂಗುವುದನ್ನು ಬಿಡುತ್ತಿದ್ದಾಳೆ. ಮಾತ್ರೆ ತಪ್ಪಲು ಖಿನ್ನತೆ ಒಂದು ದೊಡ್ಡ ಕಾರಣ ಎಂಬುದು ಈ ಕ್ಷೇತ್ರದಲ್ಲಿ ಇರುವ ಯಾರಿಗೂ ಹೊಸ ಸುದ್ದಿಯಲ್ಲ. ಮಾತ್ರೆ ತಪ್ಪಿದರೆ ರಕ್ತದಲ್ಲಿ ವೈರಸ್ ಏರುತ್ತದೆ, ಆಗ ಎದೆಹಾಲೂ ನಿಜಕ್ಕೂ ಅಪಾಯವಾಗುತ್ತದೆ. ಹೀಗೆ ನೋಡಿದರೆ, ಮಗುವನ್ನು ಉಳಿಸುವುದೊಂದೇ ಕಾರ್ಯಕ್ರಮದ ಗುರಿ ಎಂದಿಟ್ಟುಕೊಂಡರೂ ತಾಯಿಯ ಮನಸ್ಸನ್ನು ವಿಚಾರಿಸದೆ ಅದು ಪೂರ್ತಿಯಾಗುವುದಿಲ್ಲ.

ಹೀಗೆ ವಾದಿಸಬೇಕಾಗಿ ಬಂದದ್ದಕ್ಕೆ ಬೇಸರವೂ ಇದೆ. ಮಗುವಿಗೆ ಸೋಂಕು ದಾಟಲಿ ಬಿಡಲಿ, ತಾಯಿಗೆ ನಿದ್ದೆ ಬರುತ್ತಿಲ್ಲ, ಬದುಕು ಬೇಡವೆನಿಸುತ್ತಿದೆ ಎಂಬುದೇ ನಾವು ಎದ್ದು ನಿಲ್ಲಲು ಸಾಕಾಗಬೇಕಿತ್ತು.

ಇದು ವಾಸಿಯಾಗುವ ಕಾಯಿಲೆ. ಸೌಮ್ಯವಾಗಿದ್ದರೆ ಕೂತು ಮಾತಾಡುವುದರಿಂದಲೇ ಬಹಳಷ್ಟು ಗುಣ ಕಾಣುತ್ತದೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೆ ತರಬೇತಿ ಕೊಟ್ಟು ಖಿನ್ನತೆ ಇದ್ದ ತಾಯಂದಿರ ಮನೆಗೆ ಕಳಿಸಿದ ಪ್ರಯೋಗದ ವರದಿ 2008ರಲ್ಲಿ ಬಂತು. ಆರು ತಿಂಗಳ ನಂತರ ಆ ತಾಯಂದಿರಲ್ಲಿ ನೂರಕ್ಕೆ 23 ಜನರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಮಾಮೂಲಿ ಭೇಟಿ ಮಾತ್ರ ಸಿಕ್ಕವರಲ್ಲಿ ಅದು 53. ನಮ್ಮ ಪಕ್ಕದ ಗೋವಾದಲ್ಲಿ ನೆರೆಹೊರೆಯ ಹೆಂಗಸರ ಮೂಲಕವೇ ಇಂಥದನ್ನು ನಡೆಸಿ ನೋಡಿದ್ದಾರೆ. ಪರಿಣಾಮ ಅಷ್ಟು ದೊಡ್ಡದಲ್ಲದಿದ್ದರೂ ಕೆಲಸ ಸಾಧ್ಯ ಎಂಬುದು ತಿಳಿಯಿತು. ಜಾಸ್ತಿಯಾದಾಗ ಎದೆಹಾಲು ಕುಡಿಸುವ ತಾಯಂದಿರಿಗೂ ಕೊಡಬಹುದಾದ ಔಷಧಗಳಿವೆ. ಯಾವುದು, ಎಷ್ಟು ಎಂಬುದನ್ನು ಎಆರ್‌ಟಿ ಮಾತ್ರೆಯ ಜೊತೆ ಹೊಂದುತ್ತದೆಯೇ ಎಂದು ನೋಡಿ ವೈದ್ಯರು ತೀರ್ಮಾನಿಸಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಹೀಗೇ ಸುಸ್ತು, ಬೇಜಾರು ತರುವುದರಿಂದ ಅವನ್ನೂ ಪರೀಕ್ಷಿಸಬೇಕು.

ಕರ್ನಾಟಕಕ್ಕೆ ಇದು ಹೊಸ ದಾರಿಯೂ ಅಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಕೆಲಸ. ತಾಯಿ ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದ್ದೇ. ನಮ್ಮ ಜಿಲ್ಲೆಗೂ ನಿಗಾ ಇಡುವುದು ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ, ಕಾಡಂಚಿನಲ್ಲಿ ಮಂಗ ಸತ್ತು ಬಿದ್ದರೆ ಸುದ್ದಿ ಮುಟ್ಟಿಸುವುದನ್ನು ಊರವರೂ ಇಲಾಖೆಯವರೂ ಕಲಿತಿದ್ದಾರೆ. ಅದರಲ್ಲಿ ಕಾಲು ಭಾಗದಷ್ಟು ಎಚ್ಚರ ಬಾಣಂತಿ ಕೋಣೆಯ ಕಡೆ ಇದ್ದಿದ್ದರೆ ನಾನು ಈ ಪತ್ರ ಬರೆಯಬೇಕಾಗಿರಲಿಲ್ಲ.

ಈಗ ನನ್ನ ಕೋರಿಕೆಗಳು.

ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರಶ್ನೆಯನ್ನು ಎಲ್ಲ ಬಾಣಂತಿಯರಿಗೂ ಕೇಳಿ, ಎಚ್‌ಐವಿ ಇರುವವರಿಗೆ ಮಾತ್ರ ಬೇಡ. ಇವರನ್ನಷ್ಟೇ ಆರಿಸಿ ಕೇಳಿದರೆ ಆ ಪ್ರಶ್ನೆಯೇ ಗುರುತಾಗಿ ಬಿಡುತ್ತದೆ; "ಅವಳನ್ನ ಮಾತ್ರ ಒಳಗೆ ಕರೆದು ಕೇಳಿದರಂತೆ, ಯಾಕೆ?" ಎಂದು ಜಗಲಿಯಲ್ಲಿ ಮಾತಾಗುತ್ತದೆ. ಆಶಾ ಕಾರ್ಯಕರ್ತೆಗೆ ಯಾರ ಸೋಂಕಿನ ವಿಷಯವೂ ತಿಳಿಯಬೇಕಿಲ್ಲ. ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿದ ಹಾಗೆ ಆಗಿತ್ತೇ, ಮೊದಲು ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ, ಈ ಎರಡನ್ನು 14ನೇ ದಿನ ಮತ್ತು 42ನೇ ದಿನದ ಭೇಟಿಯಲ್ಲಿ ಅವಳು ಪ್ರತಿ ಮನೆಯಲ್ಲೂ ಕೇಳಲಿ. ಅತ್ತೆಯನ್ನು ಐದು ನಿಮಿಷ ಹೊರಗೆ ಕಳಿಸುವುದು ಹೇಗೆ ಎಂಬುದನ್ನೂ ತರಬೇತಿಯಲ್ಲಿ ಹೇಳಿಕೊಡಿ. ಅದು ತಮಾಷೆಯ ಮಾತಲ್ಲ, ಅರ್ಧ ವಿದ್ಯೆ ಅಲ್ಲೇ ಇದೆ. ಮತ್ತೆ, ಹೊಸ ಕೆಲಸ ಹೊರಿಸುವಾಗ ಅದಕ್ಕೆ ಪ್ರೋತ್ಸಾಹಧನವನ್ನೂ ಸೇರಿಸಿ. ಆಶಾ ಕಾರ್ಯಕರ್ತೆಯರಿಂದ ಪುಕ್ಕಟೆ ದುಡಿಸಿಕೊಳ್ಳುವುದು ಇನ್ನಾದರೂ ನಿಲ್ಲಲಿ.

ಮಗುವಿನ ಮೊದಲ ರಕ್ತಪರೀಕ್ಷೆಯ ದಿನ ತಾಯಿ ಹೇಗೂ ಕೇಂದ್ರಕ್ಕೆ ಬರುತ್ತಾಳೆ. ಆವತ್ತು ಆಪ್ತಸಮಾಲೋಚಕಿ, ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲಿ. 1987ರಿಂದ ಲೋಕದ ಎಲ್ಲೆಡೆ ಬಳಕೆಯಲ್ಲಿರುವ ಈ ಪಟ್ಟಿ ಕನ್ನಡದಲ್ಲೂ ಇದೆ, ಹತ್ತು ನಿಮಿಷವೂ ಬೇಡ. ಅದರ ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದಕ್ಕೆ ಹೌದು ಎಂದವಳನ್ನು "ಮುಂದಿನ ತಿಂಗಳು ಬಾ" ಎಂದು ಬಸ್ ಹತ್ತಿಸಬಾರದು. ಅದೇ ದಿನ ವೈದ್ಯರು ನೋಡಬೇಕು. ಆರನೇ ತಿಂಗಳ ಪರೀಕ್ಷೆಗೆ ಬಂದಾಗ ಮತ್ತೊಮ್ಮೆ ಕೇಳಲಿ. ಇದಕ್ಕೆಲ್ಲ ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಬೇಕು. ಪರದೆ ಸಾಲದು, ಪರದೆಯಾಚೆ ಮಾತು ಕೇಳಿಸುತ್ತದೆ.

ಮಾತ್ರೆ ಕೊಡುವ ದಿನವನ್ನೂ ಮನೋವೈದ್ಯರು ಬರುವ ಮಂಗಳವಾರವನ್ನೂ ಒಂದೇ ಮಾಡಿ. ಘಟ್ಟದ ಊರಿನಿಂದ ಬರುವವಳಿಗೆ ಬೆಳಗಿನ ಬಸ್ಸು ತಪ್ಪಿದರೆ ಆ ದಿನ ಹೋದ ಹಾಗೆಯೇ. ಮನೆಯಲ್ಲಿ ಹೇಳಲು ಒಂದು ದಿನಕ್ಕೆ ಒಂದು ನೆಪ ಸಿಗುತ್ತದೆ, ಎರಡನೇ ದಿನಕ್ಕೆ ಸಿಗುವುದಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆಯಾಗಿ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಲಾಂಚ್ ಕಾಯುವುದು ತಪ್ಪಿತು, ಸಂತೋಷ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲಿಕಲ್, ಆಗುಂಬೆ ಸುತ್ತಿನ ಒಂಟಿಮನೆಗಳಿಂದ ಹಸುಗೂಸನ್ನು ಎತ್ತಿಕೊಂಡು ಬರುವುದು ಇವತ್ತಿಗೂ ಸಾಹಸವೇ. ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ಬಾಣಂತಿಗೆ ಮಳೆಗಾಲಕ್ಕೆ ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಡಿ, ನಡುವೆ ಆಪ್ತಸಮಾಲೋಚಕಿ ಫೋನ್ ಮಾಡಲಿ. ಎಷ್ಟು ಹೊತ್ತಿಗೆ ಮಾಡಬೇಕು, ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂಬುದನ್ನು ಅವಳನ್ನೇ ಕೇಳಿ ಬರೆದಿಟ್ಟುಕೊಳ್ಳಲಿ. ಸದ್ದಾಗದ, ಹೆಸರು ಕಾಣದ ಪೊಟ್ಟಣದಲ್ಲಿ ಮಾತ್ರೆ ಕೊಡಲು ಸಾಧ್ಯವೇ ಎಂದೂ ಸೊಸೈಟಿಯವರು ಯೋಚಿಸಬೇಕು.

ಗಂಡಂದಿರ ಪರೀಕ್ಷೆಯನ್ನು ಹೆಂಡತಿಯ ತಲೆಗೆ ಕಟ್ಟಬೇಡಿ. "ನಿನ್ನ ಗಂಡನ್ನ ಕರ್ಕೊಂಡು ಬಾ" ಎಂದು ಅವಳಿಗೆ ಹೇಳಿ ಕಳಿಸುವುದರಿಂದಲೇ ಎಷ್ಟೋ ಮನೆಗಳಲ್ಲಿ ಏಟು ಬಿದ್ದಿದೆ. ತಪಾಸಣೆಗೆ ಜೊತೆಯಲ್ಲಿ ಬಂದ ಎಲ್ಲ ಗಂಡಂದಿರಿಗೂ ಬಿಪಿ, ಸಕ್ಕರೆಯ ಜೊತೆ ಈ ಪರೀಕ್ಷೆಯ ಅವಕಾಶವನ್ನೂ ಆಸ್ಪತ್ರೆಯವರೇ ಮುಂದಿಡಲಿ.

ಕೇಸ್ ಶೀಟು, ಮಂಚ, ತಾಯಿ ಕಾರ್ಡುಗಳ ಮೇಲೆ ಸೋಂಕು ತಿಳಿಯುವಂಥ ಯಾವ ಗುರುತೂ ಹೊರಗೆ ಕಾಣಬಾರದು ಎಂದು ಲಿಖಿತ ಸುತ್ತೋಲೆ ಹೊರಡಿಸಿ, ದೂರು ಅಧಿಕಾರಿಯ ಹೆಸರನ್ನು ಫಲಕದಲ್ಲಿ ಹಾಕಿಸಿ. ಮನೋವೈದ್ಯರನ್ನು ಕಂಡರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ ಈ ತಾಯಂದಿರಲ್ಲಿ ಬಲವಾಗಿದೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಇದನ್ನು ನಮ್ಮ ಸಿಬ್ಬಂದಿಗೇ ಮೊದಲು ತಿಳಿಸಬೇಕು.

ಇದನ್ನು ಓದುತ್ತಿರುವ ತಾಯಂದಿರಲ್ಲಿ ಯಾರಿಗಾದರೂ ಹೀಗೇ ಆಗುತ್ತಿದ್ದರೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಎಚ್‌ಐವಿ ಬಗ್ಗೆ ಕೇಳಲು 1097 ಇದೆ. ಮಾತ್ರೆ ಬಿಟ್ಟುಹೋಗಿದ್ದರೆ ಬೈಗುಳಕ್ಕೆ ಹೆದರಿ ಕೂರಬೇಡಿ, ಮತ್ತೆ ಹೋಗಿ ಶುರುಮಾಡಿಕೊಳ್ಳಿ.

ಅಧಿಕಾರಿಗಳಲ್ಲಿ ಕೊನೆಯದಾಗಿ ಕೇಳುವುದಿಷ್ಟು. ಮುಂದಿನ ಜಿಲ್ಲಾ ಆರೋಗ್ಯ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ. ಆಶಾ ಫಾರಂಗೆ ಎರಡು ಪ್ರಶ್ನೆ ಸೇರಿಸಲು ದೆಹಲಿಯ ಅಪ್ಪಣೆ ಬೇಕೆಂದರೆ, ಅದು ಬರುವವರೆಗೆ ಜಿಲ್ಲೆಯ ಮಟ್ಟದಲ್ಲೇ ಒಂದು ಚೀಟಿ ಅಂಟಿಸಿ ನಡೆಸಬಹುದು. ಎಷ್ಟೋ ಸಮೀಕ್ಷೆಗಳನ್ನು ಹಾಗೆಯೇ ನಡೆಸಿದ್ದೇವೆ. ಯಾವುದನ್ನು ಮಾಡುತ್ತೀರಿ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂಬುದನ್ನು ಪತ್ರಿಕಾ ಪ್ರಕಟಣೆಯ ಮೂಲಕ ತಿಳಿಸಿ. ನನ್ನೊಬ್ಬಳಿಗೆ ಉತ್ತರ ಬರೆದರೆ ಅದು ಆ ತಾಯಂದಿರಿಗೆ ತಲುಪುವುದಿಲ್ಲ. ತರಬೇತಿಗೆ ಮಲೆನಾಡಿನ ಮನೆಗಳನ್ನು ಬಲ್ಲ ಹಳೆಯ ಸಿಬ್ಬಂದಿ ಬೇಕಿದ್ದರೆ ನಾನೂ ನನ್ನ ಜೊತೆಯವರೂ ಬರಲು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಶಿವಮೊಗ್ಗ ಜಿಲ್ಲೆ